ಮನಸ್ಸಿನ ಕಾಯಿಲೆಗೂ ಥರ್ಮಾಮೀಟರ್ ಬೇಕು

(ಶಿವಮೊಗ್ಗದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ರೋಗಿಗಳ ಮನೆಯವರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಾನಸಿಕ ಕಾಯಿಲೆಯವರ ಶುಶ್ರೂಷೆ ಅಂದ ಕೂಡಲೇ ನರ್ಸಿಂಗ್ ಓದುವ ಮಕ್ಕಳ ತಲೆಗೆ ಬರುವುದು ಎರಡೇ: ಹೊಡೆಯಲು ಬರುವ ರೋಗಿ, ಇಲ್ಲವೇ ಪಕ್ಕದಲ್ಲಿ ಕೂತು ಸಮಾಧಾನ ಹೇಳುವ ಸಿಸ್ಟರ್. ಡ್ಯೂಟಿಗೆ ಬಂದ ಮೇಲೆ ಗೊತ್ತಾಗುತ್ತದೆ, ದಿನದ ಬಹುಪಾಲು ಹೋಗುವುದು ಬೇರೆಯದಕ್ಕೆ. ಯಾರು ಎಷ್ಟು ಊಟ ಮಾಡಿದರು, ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು, ಕಕ್ಕಸಿಗೆ ಹೋಗಿ ಎಷ್ಟು ದಿನ ಆಯಿತು, ಕೈ ನಡುಗುತ್ತಿದೆಯಾ, ಮೈ ಬಿಸಿ ಇದೆಯಾ – ಇದನ್ನೆಲ್ಲ ನೋಡಿ ಬರೆಯುವುದಕ್ಕೆ.

ಕೇಸ್ ಶೀಟಿನ ಮೇಲೆ ‘ಸೈಕಿಯಾಟ್ರಿ’ ಅಂತ ಬಿದ್ದ ಮೇಲೆ ಆ ಮನುಷ್ಯನ ಮೈ ಯಾರ ಕಣ್ಣಿಗೂ ಬೀಳುವುದಿಲ್ಲ, ಇದೊಂದು ವಿಚಿತ್ರ. ಹೊಟ್ಟೆನೋವು ಅಂದರೆ ‘ಅವರಿಗೆ ಹಾಗೆ ಅನಿಸುತ್ತೆ ಬಿಡಿ’ ಅಂತಾರೆ. ಎದೆ ಹಿಡೀತಿದೆ ಅಂದರೆ ‘ಗಾಬರಿ’. ತೂರಾಡಿದರೆ ‘ಮಾತ್ರೆ ಮಂಪರು’. ತಡೆಯಬಹುದಾಗಿದ್ದ ಅವಘಡಗಳಲ್ಲಿ ಎಷ್ಟೋ ನಡೆಯುವುದು ಇಲ್ಲೇ. ಆದ್ದರಿಂದ ಇವತ್ತಿನ ಮಾತಿನಲ್ಲಿ ಮನಸ್ಸಿಗಿಂತ ಮೈಗೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಮನೆಯವರೂ ಕೂತಿದ್ದೀರಿ, ಇಲ್ಲಿ ಹೇಳುವುದರಲ್ಲಿ ಅರ್ಧ ನಿಮ್ಮ ಕೈಯಲ್ಲೇ ಇರುವ ಕೆಲಸ.

ಜ್ವರ ಬಂದರೆ

ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇ ತನಕ ಜ್ವರ ಅಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣುಗಿನಿಂದ ಹರಡುವ ಕಾಯಿಲೆ. ಮಳೆ ಹಿಡಿದ ಮೇಲೆ ಇಲಿಜ್ವರ, ಡೆಂಗಿ. ಇದೆಲ್ಲ ಇಲ್ಲಿನ ಆಶಾ ಕಾರ್ಯಕರ್ತೆಯರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಆದರೆ ಮನೋರೋಗದ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಜ್ವರ ಬಂದರೆ ಆ ಪಟ್ಟಿಗೆ ಇನ್ನೆರಡು ಹೆಸರು ಸೇರುತ್ತವೆ.

ಒಂದು, ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್, ವಾರ್ಡಿನಲ್ಲಿ ಎನ್.ಎಂ.ಎಸ್. ಅನ್ನುತ್ತೇವೆ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಓಲಾಂಜಪೈನ್ ಥರದ ಔಷಧಿ ಶುರು ಮಾಡಿದ ಅಥವಾ ಡೋಸ್ ಏರಿಸಿದ ಮೊದಲ ಎರಡು ವಾರದಲ್ಲಿ ಹೆಚ್ಚು. ಅಪರೂಪ, ಆದರೆ ಗುರುತಿಸದೆ ಹೋದರೆ ಜೀವ ತೆಗೆಯುತ್ತದೆ. ಲಕ್ಷಣ ನಾಲ್ಕು: ಜ್ವರ, ಮೈ ಬಿಗಿತ, ಗೊಂದಲ, ಏರಿಳಿಯುವ ಬಿ.ಪಿ.–ನಾಡಿ. ಜೊತೆಗೆ ಮೈಯೆಲ್ಲ ಬೆವರು.

ಬಿಗಿತ ನೋಡುವುದು ಹೀಗೆ. ರೋಗಿಯ ಮೊಣಕೈಯನ್ನು ನಿಮ್ಮ ಒಂದು ಅಂಗೈಯಲ್ಲಿ ಆನಿಸಿಕೊಳ್ಳಿ, ಇನ್ನೊಂದು ಕೈಯಿಂದ ಅವರ ಮಣಿಕಟ್ಟು ಹಿಡಿಯಿರಿ. ‘ಕೈ ಸಡಿಲ ಬಿಡಿ’ ಅಂತ ಹೇಳಿ ನಿಧಾನಕ್ಕೆ ಮಡಚಿ, ಬಿಡಿಸಿ. ಎನ್.ಎಂ.ಎಸ್.ನಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ತಡೆ ಸಿಗುತ್ತದೆ, ಸೀಸದ ಪೈಪು ಬಗ್ಗಿಸಿದ ಹಾಗೆ. ಮಂಗನ ಕಾಯಿಲೆಯಲ್ಲೂ ಮೈಕೈ ನೋವು ಭಯಂಕರ. ಮುಟ್ಟಿದರೆ ಕಿರುಚುತ್ತಾರೆ, ಆದರೆ ಕೈ ಮಡಚಿಕೊಳ್ಳುತ್ತದೆ. ರಕ್ತ ಪರೀಕ್ಷೆಯಲ್ಲೂ ಸುಳಿವಿದೆ: ಮಂಗನ ಕಾಯಿಲೆಯಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿದಿರುತ್ತವೆ, ಎನ್.ಎಂ.ಎಸ್.ನಲ್ಲಿ ಬಿಳಿ ಕಣ ಸಾಮಾನ್ಯವಾಗಿ ಏರಿರುತ್ತದೆ, ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಸಿ.ಪಿ.ಕೆ. ಅನ್ನುವ ಅಂಶ ಬಹಳ ಏರಿರುತ್ತದೆ. ಖಚಿತ ಮಾಡುವುದು ಡಾಕ್ಟರ ಕೆಲಸ, ಅನುಮಾನ ಪಡುವುದು ನಿಮ್ಮ ಕೆಲಸ.

ಅನುಮಾನ ಬಂದರೆ ಮೊದಲು ಮಾಡಬೇಕಾದ್ದು ಒಂದು: ರಾತ್ರಿಯ ಡೋಸ್ ಕೊಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಚಾರ್ಟಿನಲ್ಲಿ ಬರೆದಿದೆ ಅಂತ ಎಂಟು ಗಂಟೆಗೆ ಹ್ಯಾಲೊಪೆರಿಡಾಲ್ ಕೊಡುವುದು, ‘ಗಲಾಟೆ ಜಾಸ್ತಿ ಆಗಿದೆ’ ಅಂತ ಅದರ ಮೇಲೆ ಇನ್ನೊಂದು ಇಂಜೆಕ್ಷನ್ ಕೊಡುವುದು – ಪ್ರಾಣ ಹೋಗುವುದು ಇಂಥ ಕಡೆ. ಆಮೇಲೆ ಮೈ ಒರೆಸಿ, ಡ್ರಿಪ್‌ಗೆ ಸಿದ್ಧ ಮಾಡಿ, ಮೂತ್ರ ಎಷ್ಟು ಬಂತು, ಯಾವ ಬಣ್ಣ ಅಂತ ಬರೆಯಿರಿ. ಕಡು ಕಾಫಿ ಬಣ್ಣ ಬಂದರೆ ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು ಬೀಳುತ್ತಿದೆ ಅಂತ ಲೆಕ್ಕ. ಈ ರೋಗಿ ಇರಬೇಕಾದ್ದು ಐ.ಸಿ.ಯು.ನಲ್ಲಿ.

ಎರಡನೆಯದು ಕ್ಲೋಜಪೈನ್. ಇಲ್ಲದ ದನಿ ಕೇಳುವ, ಇಲ್ಲದ ಅನುಮಾನ ಹುಟ್ಟುವ ಸ್ಕಿಜೋಫ್ರೇನಿಯಾ ಬೇರೆ ಔಷಧಿಗೆ ಬಗ್ಗದಿದ್ದಾಗ ಇದರಷ್ಟು ಒಳ್ಳೆಯ ಮಾತ್ರೆ ಇಲ್ಲ. ಆದರೆ ಕೆಲವರಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳನ್ನೇ ಇಳಿಸಿಬಿಡುತ್ತದೆ. ಅದಕ್ಕೇ ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಬಿಳಿ ಕಣಗಳಲ್ಲೇ ಒಂದು ಬಗೆಯಾದ ನ್ಯೂಟ್ರೋಫಿಲ್ ಲೆಕ್ಕ 1500ಕ್ಕಿಂತ ಕೆಳಗಿಳಿದರೆ ಮಾತ್ರೆ ನಿಲ್ಲಿಸುತ್ತಾರೆ. ಮನೆಯವರು ನೆನಪಿಟ್ಟುಕೊಳ್ಳಬೇಕಾದ್ದು: ಈ ಮಾತ್ರೆ ತಗೊಳ್ಳುವವರಿಗೆ ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಕಷಾಯ ಕುಡಿಸಿ ಎರಡು ದಿನ ಕಾಯುವ ಹಾಗಿಲ್ಲ. ಅದೇ ದಿನ ರಕ್ತ ಪರೀಕ್ಷೆ ಆಗಬೇಕು.

ಕ್ಲೋಜಪೈನ್ ವಿಷಯದಲ್ಲಿ ಎಲ್ಲರೂ ರಕ್ತದ ಬಗ್ಗೆ ಮಾತಾಡುತ್ತಾರೆ, ಮಲಬದ್ಧತೆ ಬಗ್ಗೆ ಯಾರೂ ಮಾತಾಡುವುದಿಲ್ಲ. ಕರುಳು ನಿಂತೇ ಹೋಗಿ ಸಾಯುವವರಿದ್ದಾರೆ. ದಿನವೂ ಕೇಳಿ, ಚಾರ್ಟಿನಲ್ಲಿ ಬರೆಯಿರಿ. ಎರಡು ದಿನ ಆಗಿಲ್ಲ ಅಂದರೆ ಡಾಕ್ಟರಿಗೆ ತಿಳಿಸಿ. ಹೊಟ್ಟೆ ಉಬ್ಬಿ ವಾಂತಿಯಾದರೆ ತುರ್ತು. ಇನ್ನೊಂದು: 48 ಗಂಟೆಗಿಂತ ಹೆಚ್ಚು ಹೊತ್ತು ಮಾತ್ರೆ ತಪ್ಪಿದರೆ ಹಳೆಯ ಡೋಸನ್ನೇ ಮತ್ತೆ ನುಂಗಿಸಬಾರದು. ಬಿ.ಪಿ. ಬಿದ್ದು ಕುಸಿಯಬಹುದು, ಫಿಟ್ಸ್ ಬರಬಹುದು. 12.5 ಮಿ.ಗ್ರಾಂನಿಂದ ಮತ್ತೆ ಮೆಟ್ಟಿಲು ಹತ್ತಬೇಕು. ಬೀಡಿ ಸೇದುವವರು ದಿಢೀರ್ ಬೀಡಿ ಬಿಟ್ಟರೆ ರಕ್ತದಲ್ಲಿ ಈ ಔಷಧಿಯ ಮಟ್ಟ ಏರುತ್ತದೆ, ಯಾಕೆಂದರೆ ಹೊಗೆ ಲಿವರಿನಲ್ಲಿ ಔಷಧಿಯನ್ನು ಬೇಗ ಒಡೆಸುತ್ತಿತ್ತು. ವಾರ್ಡಿಗೆ ಸೇರಿ ಬೀಡಿ ನಿಂತ ಒಂದು ವಾರದೊಳಗೆ ರೋಗಿ ಜೊಲ್ಲು ಸುರಿಸುತ್ತ ಮಂಕಾದರೆ ಕಾರಣ ಇದಿರಬಹುದು. ಎಲೆಅಡಿಕೆ–ಹೊಗೆಸೊಪ್ಪು ಜಗಿಯುವವರಿಗೆ ಈ ಲೆಕ್ಕ ಬರುವುದಿಲ್ಲ. ಕೆಲಸ ಮಾಡುವುದು ಹೊಗೆ, ನಿಕೋಟಿನ್ ಅಲ್ಲ.

ಕುತ್ತಿಗೆ ತಿರುಚಿತು, ಕಣ್ಣು ಮೇಲೆ ಹೋಯಿತು

ಹದಿಹರೆಯದ ಹುಡುಗನಿಗೆ ಹ್ಯಾಲೊಪೆರಿಡಾಲ್ ಕೊಟ್ಟು ಒಂದೆರಡು ದಿನದಲ್ಲಿ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು, ನಾಲಿಗೆ ಹೊರಗೆ ಬಂದರೆ ಮನೆಯವರು ಏನೆಂದುಕೊಳ್ಳುತ್ತಾರೆ ಹೇಳಿ? ‘ಮೈಮೇಲೆ ಬಂದಿದೆ.’ ಅಲ್ಲಿಗೆ ಆಸ್ಪತ್ರೆ ಬಿಟ್ಟು ನಿಮಿತ್ಯ ಕೇಳಲು ಹೋಗುತ್ತಾರೆ, ಮಾತ್ರೆ ಚರಂಡಿ ಪಾಲು. ಇದು ಅಕ್ಯೂಟ್ ಡಿಸ್ಟೋನಿಯಾ, ಔಷಧಿಯ ಅಡ್ಡಪರಿಣಾಮ. ಪ್ರೊಮೆಥಜೀನ್ 25ರಿಂದ 50 ಮಿ.ಗ್ರಾಂ ಸ್ನಾಯುವಿಗೆ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಆಮೇಲೆ ಕೆಲವು ದಿನ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ. ಗಂಟಲು ಹಿಡಿದು ಉಸಿರಿಗೆ ಕಷ್ಟವಾದರೆ ಮಾತ್ರ ಒಂದು ನಿಮಿಷವೂ ತಡ ಮಾಡುವ ಹಾಗಿಲ್ಲ. ಮೊದಲ ಡೋಸ್ ಕೊಡುವಾಗಲೇ ಮನೆಯವರಿಗೆ ಹೇಳಿಡಿ: ‘ಹೀಗಾಗಬಹುದು, ಆದರೆ ಹೆದರಬೇಡಿ, ಕೂಡಲೇ ಇಲ್ಲಿಗೆ ಬನ್ನಿ.’ ಈ ಎರಡು ವಾಕ್ಯ ಹೇಳದೆ ಚಿಕಿತ್ಸೆಯೇ ಬಿಟ್ಟುಹೋದ ಮನೆಗಳು ಎಷ್ಟಿಲ್ಲ.

ಡಿಸ್ಟೋನಿಯಾ ಕಣ್ಣಿಗೆ ಹೊಡೆಯುತ್ತದೆ, ಅಕತೀಸಿಯಾ ಮೋಸ ಮಾಡುತ್ತದೆ. ರೋಗಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಾರೆ, ಜಗಲಿಯ ಉದ್ದಕ್ಕೂ ಓಡಾಡುತ್ತಾರೆ. ನೋಡಿದವರು ರೋಗ ಕೆರಳಿದೆ ಅಂತ ಹ್ಯಾಲೊಪೆರಿಡಾಲ್ ಏರಿಸುತ್ತಾರೆ; ಅದರಿಂದ ಚಡಪಡಿಕೆ ಇನ್ನಷ್ಟು. ಒಂದೇ ಪ್ರಶ್ನೆ ಕೇಳಿ: ‘ಓಡಾಡಬೇಕು ಅಂತ ಮನಸ್ಸಿಗೆ ಅನಿಸ್ತಿದೆಯಾ, ಕಾಲು ಸುಮ್ಮನಿರಲು ಬಿಡ್ತಿಲ್ವಾ?’ ಕಾಲು ಅಂದರೆ ಡಾಕ್ಟರಿಗೆ ಆ ಮಾತನ್ನೇ ಹಾಗೇ ತಿಳಿಸಿ. ಡೋಸ್ ಇಳಿಸಿ ಪ್ರೊಪ್ರನೊಲಾಲ್ ಕೊಟ್ಟರೆ ಬಹಳ ಜನಕ್ಕೆ ಹಗುರಾಗುತ್ತದೆ. ಈ ಚಡಪಡಿಕೆ ತಾಳಲಾರದೆ ಸಾಯುವ ಯೋಚನೆಗೆ ಹೋಗುವವರೂ ಇದ್ದಾರೆ, ಹಾಗಾಗಿ ಸಣ್ಣ ವಿಷಯ ಅಂತ ಬಿಡಬೇಡಿ.

ಲಿಥಿಯಂ ಮತ್ತು ಮಳೆಗಾಲ

ಮನಸ್ಸು ಕೆಲಕಾಲ ಅತಿ ಉತ್ಸಾಹಕ್ಕೆ ಏರಿ, ಕೆಲಕಾಲ ಖಿನ್ನತೆಗೆ ಇಳಿಯುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಹಳೆಯ ಔಷಧಿ, ಇವತ್ತಿಗೂ ಒಳ್ಳೆಯ ಔಷಧಿ. ಆದರೆ ಗುಣ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಇರುವುದು ಕಿರಿದಾದ ಓಣಿ. ರಕ್ತದಲ್ಲಿ ಲೀಟರಿಗೆ 0.6ರಿಂದ 1.2 ಮಿಲಿ ಈಕ್ವಿವಲೆಂಟ್ ಇರಬೇಕು. 1.5 ದಾಟಿದರೆ ವಿಷದ ಲಕ್ಷಣ. ರಕ್ತ ತೆಗೆಯಬೇಕಾದ್ದು ಕೊನೆಯ ಡೋಸ್ ಆಗಿ 12 ಗಂಟೆಗೆ. ಬೆಳಗಿನ ಮಾತ್ರೆ ನುಂಗಿ ಹತ್ತು ಗಂಟೆಗೆ ಲ್ಯಾಬಿಗೆ ಬಂದರೆ ರಿಪೋರ್ಟು ಸುಳ್ಳು ಹೇಳುತ್ತದೆ. ಆದ್ದರಿಂದ ‘ನಾಳೆ ಬೆಳಗಿನ ಮಾತ್ರೆ ನುಂಗದೆ ಬನ್ನಿ, ಚೀಟಿ ಜೊತೆ ತನ್ನಿ’ ಅಂತ ಹಿಂದಿನ ದಿನವೇ ಹೇಳಬೇಕು.

ಲಿಥಿಯಂ ಮತ್ತು ಉಪ್ಪು ಕಿಡ್ನಿಯಲ್ಲಿ ಒಂದೇ ದಾರಿಯಲ್ಲಿ ಓಡಾಡುತ್ತವೆ. ಮೈಯಲ್ಲಿ ಉಪ್ಪು, ನೀರು ಕಮ್ಮಿಯಾದರೆ ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳುವಾಗ ಲಿಥಿಯಂ ಅನ್ನೂ ಹಿಡಿದಿಡುತ್ತದೆ. ಇದನ್ನು ನಮ್ಮ ಕಡೆಯ ವರ್ಷಕ್ಕೆ ಹೊಂದಿಸಿ ನೋಡಿ. ಜೂನ್–ಜುಲೈ: ವಾಂತಿಭೇದಿ. ನಾಟಿ ಮುಗಿಸಿ ಬಂದವರಿಗೆ ಸೊಂಟನೋವು, ಅಂಗಡಿಯಿಂದ ತಂದ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್. ಎರಡೂ ಲಿಥಿಯಂ ಮಟ್ಟ ಏರಿಸುತ್ತವೆ. ಶ್ರಾವಣ: ಉಪವಾಸ, ಉಪ್ಪಿಲ್ಲದ ಒಪ್ಪೊತ್ತು. ಬೇಸಿಗೆ: ತೋಟದಲ್ಲಿ ಬೆವರು. ಬಿ.ಪಿ.ಗೆ ಕೊಡುವ ಥಯಜೈಡ್ ಮೂತ್ರದ ಮಾತ್ರೆಯೂ ಅಷ್ಟೇ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ದಿನಕ್ಕೆ ಎರಡರಿಂದ ಮೂರು ಲೀಟರ್ ನೀರು, ಊಟದಲ್ಲಿ ಎಂದಿನ ಉಪ್ಪು. ಉಪ್ಪನ್ನು ದಿಢೀರ್ ಬಿಡುವುದೂ ಬೇಡ, ಹೆಚ್ಚಿಸುವುದೂ ಬೇಡ.

ಕಾಫಿ ಲೋಟ ಹಿಡಿದಾಗ ಬೆರಳ ತುದಿ ಸಣ್ಣಗೆ ನಡುಗುವುದು ಲಿಥಿಯಂ ತಗೊಳ್ಳುವ ಬಹಳ ಜನಕ್ಕೆ ಇದ್ದದ್ದೇ. ಕೈ ದೊಡ್ಡದಾಗಿ ಅದುರಿ ಕಾಫಿ ಚೆಲ್ಲತೊಡಗಿದರೆ, ನಾಲಿಗೆ ತೊದಲಿದರೆ, ಕುಡಿದವರಂತೆ ತೂರಾಡಿದರೆ, ಭೇದಿ–ವಾಂತಿ ಇದ್ದರೆ – ಮುಂದಿನ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಕರೆತನ್ನಿ. ಥೈರಾಯ್ಡ್ ಪರೀಕ್ಷೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಆರು ತಿಂಗಳಿಗೊಮ್ಮೆ ಆಗಲೇಬೇಕು.

ಕುಡಿತ ನಿಂತ ಮೂರನೇ ದಿನ

ಜನರಲ್ ವಾರ್ಡಿನಿಂದ ಮನೋರೋಗ ವಿಭಾಗಕ್ಕೆ ಬರುವ ಕರೆಗಳಲ್ಲಿ ಒಂದು ಮಾಮೂಲಿ ಕರೆ ಇದೆ. ಕಾಲು ಮುರಿದು ದಾಖಲಾದವರು ಮೂರನೇ ದಿನ ರಾತ್ರಿ ಗೋಡೆಯ ಮೇಲೆ ಇರುವೆ, ಹಾವು ಕಾಣುತ್ತಾರೆ, ಡ್ರಿಪ್ ಕಿತ್ತು ‘ತೋಟಕ್ಕೆ ಹೋಗ್ಬೇಕು’ ಅಂತ ಎದ್ದು ಹೊರಡುತ್ತಾರೆ. ಹುಚ್ಚು ಹಿಡಿದದ್ದಲ್ಲ, ಕುಡಿತ ನಿಂತದ್ದು. ಕೊನೆಯ ಗುಟುಕು ಕುಡಿದು 6ರಿಂದ 24 ಗಂಟೆಯಲ್ಲಿ ನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್. 48ರಿಂದ 96 ಗಂಟೆಯಲ್ಲಿ ಡೆಲಿರಿಯಂ ಟ್ರೆಮೆನ್ಸ್, ಅಂದರೆ ಈಗ ಹೇಳಿದ ಇರುವೆ–ಹಾವು ಕಾಣುವ ಸ್ಥಿತಿ. ಹಾಗಾಗಿ ದಾಖಲಾಗುವಾಗಲೇ ಕೇಳಬೇಕಾದ ಪ್ರಶ್ನೆ ‘ಕುಡೀತೀರಾ?’ ಅಲ್ಲ, ಅದಕ್ಕೆ ‘ಯಾವಾಗಲಾದರೂ’ ಅನ್ನುವ ಉತ್ತರ ತಯಾರಿರುತ್ತದೆ. ‘ಕೊನೇ ಸಲ ಕುಡಿದದ್ದು ಯಾವಾಗ, ಎಷ್ಟು? ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತಾ?’ ಅಂತ ಕೇಳಿ. ಹೆಂಡತಿಯನ್ನು ಬೇರೆಯಾಗಿ ಕೇಳಿ.

ಇಲ್ಲಿ ಒಂದು ಕ್ರಮ ತಪ್ಪಿದರೆ ಮಿದುಳಿಗೆ ಶಾಶ್ವತ ಪೆಟ್ಟು. ಬಹಳ ದಿನ ಕುಡಿದು ಊಟ ಬಿಟ್ಟವರ ಮೈಯಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಸುಸ್ತಾಗಿದ್ದಾರೆ ಅಂತ ಮೊದಲೇ ಗ್ಲೂಕೋಸ್ ಬಾಟಲಿ ಹಾಕಿದರೆ ಇದ್ದಬದ್ದ ಥಯಮಿನ್ ಸುಟ್ಟುಹೋಗಿ ವರ್ನಿಕೆ ಎನ್‌ಸೆಫಲೋಪತಿಗೆ ತಳ್ಳಿದಂತಾಗುತ್ತದೆ: ಗೊಂದಲ, ಕಣ್ಣಿನ ಚಲನೆ ತಪ್ಪುವುದು, ತೂರಾಟ. ಥಯಮಿನ್ ಇಂಜೆಕ್ಷನ್ ಗ್ಲೂಕೋಸಿಗಿಂತ ಮೊದಲು, ಆಗದಿದ್ದರೆ ಜೊತೆಗೇ. ಸಕ್ಕರೆ ಅಂಶ ನಿಜಕ್ಕೂ ಬಿದ್ದಿದ್ದರೆ ಥಯಮಿನ್‌ಗಾಗಿ ಕಾಯುತ್ತ ಕೂರಬಾರದು, ಎರಡೂ ಒಟ್ಟಿಗೆ ಹೋಗಲಿ. ಕುಡಿತ ನಿಂತ ನಡುಕ ಇಳಿಸಲು ಕೊಡುವುದು ಕ್ಲೋರ್‌ಡಯಾಜಿಪಾಕ್ಸೈಡ್; ಲಿವರ್ ಕೆಟ್ಟವರಿಗೆ ಅದರ ಬದಲು ಲೊರಜೆಪಾಮ್ ಬರೆಯುತ್ತಾರೆ. ಪ್ರತಿ ಡೋಸ್ ಮುಂಚೆ ಉಸಿರಿನ ಲೆಕ್ಕ ನೋಡಿ.

ಹುಚ್ಚು ಅನ್ನುವ ಮುಂಚೆ ಮೈ ನೋಡಬೇಕು ಅನ್ನುವ ನಿಯಮ ವಯಸ್ಸಾದವರ ವಿಷಯಕ್ಕೂ ಬರುತ್ತದೆ. ನಿನ್ನೆಯವರೆಗೆ ಸರಿ ಇದ್ದ ಎಂಬತ್ತರ ಅಜ್ಜಿ ಇವತ್ತು ಸಂಜೆ ‘ಅಟ್ಟದ ಮೇಲೆ ಯಾರೋ ಇದ್ದಾರೆ’ ಅಂದರೆ ಮನೋರೋಗದ ವಾರ್ಡಿಗೆ ಕಳಿಸುವ ಮುಂಚೆ ಸಕ್ಕರೆ, ಆಮ್ಲಜನಕ, ಜ್ವರ, ಸೋಡಿಯಂ, ಮೂತ್ರದ ಸೋಂಕು ನೋಡಿ. ದಿಢೀರ್ ಶುರು, ಗಂಟೆಗೊಂದು ಥರ, ಕಣ್ಣಿಗೆ ಏನೇನೋ ಕಾಣುವುದು – ಇದು ಹೆಚ್ಚುಕಮ್ಮಿ ಮೈಯ ಕಾಯಿಲೆಯೇ. ಮಂಗನ ಕಾಯಿಲೆಯ ಜ್ವರ ಇಳಿದು ಮೂರನೇ ವಾರದ ಹೊತ್ತಿಗೆ ಕೆಲವರಿಗೆ ಮತ್ತೆ ಜ್ವರ ಬಂದು ನಡುಕ, ಗೊಂದಲ ಆಗುವುದುಂಟು; ಅದೂ ಮಿದುಳಿನ ತೊಂದರೆ.

ಇಲ್ಲದ ದನಿ, ವಿಷದ ಅನುಮಾನ

ಈಗ ಮಾತಿಗೆ ಬರೋಣ. ರೋಗಿ ‘ಗೋಡೆಯಾಚೆಯಿಂದ ಬೈತಿದ್ದಾರೆ ಸಿಸ್ಟರ್’ ಅಂದರೆ ‘ಯಾರೂ ಇಲ್ಲ, ಸುಮ್ನೆ ಮಲಗಿ’ ಅನ್ನುವುದೂ ತಪ್ಪು, ‘ಹೌದಾ, ನಾನು ಅವರಿಗೆ ಬುದ್ಧಿ ಹೇಳ್ತೀನಿ’ ಅನ್ನುವುದೂ ತಪ್ಪು. ‘ನನಗೆ ಆ ದನಿ ಕೇಳಿಸ್ತಾ ಇಲ್ಲ. ನಿಮಗೆ ಕೇಳಿಸ್ತಿದೆ, ಅದರಿಂದ ಹೆದರಿಕೆ ಆಗ್ತಿದೆ ಅಂತ ಗೊತ್ತಾಗ್ತಿದೆ.’ ಇಷ್ಟು ಸಾಕು. ಆಮೇಲೆ ಮುಖ್ಯವಾದ ಪ್ರಶ್ನೆ: ‘ಏನಾದರೂ ಮಾಡು ಅಂತ ಹೇಳ್ತಿದೆಯಾ?’ ನಿನಗೋ ಇನ್ನೊಬ್ಬರಿಗೋ ಪೆಟ್ಟು ಮಾಡು ಅಂತ ದನಿ ಆಜ್ಞೆ ಮಾಡುತ್ತಿದ್ದರೆ ಆ ಹಾಸಿಗೆ ನರ್ಸಿಂಗ್ ಸ್ಟೇಷನ್ ಎದುರಿಗೆ ಬರಬೇಕು, ಡಾಕ್ಟರಿಗೆ ತಿಳಿಯಬೇಕು.

ಊಟಕ್ಕೆ ವಿಷ ಹಾಕಿದ್ದಾರೆ ಅನ್ನುವವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಸಿಪ್ಪೆ ಸುಲಿಯದ ಬಾಳೆಹಣ್ಣು, ಒಡೆಯದ ಬೇಯಿಸಿದ ಮೊಟ್ಟೆ, ಎದುರಿಗೇ ಕೊಚ್ಚಿಸಿದ ಎಳನೀರು, ಸೀಲ್ ಒಡೆಯದ ಹಾಲಿನ ಪ್ಯಾಕೆಟ್ ಕೊಡಿ. ಎಲ್ಲರಿಗೂ ಬಡಿಸುವ ಪಾತ್ರೆಯಿಂದ ಅವರೇ ಬಡಿಸಿಕೊಳ್ಳಲಿ. ಎರಡು ದಿನದಲ್ಲಿ ಗಂಜಿಗೆ ಬರುತ್ತಾರೆ. ಅವರೆದುರು ಪಿಸುಗುಟ್ಟಬೇಡಿ, ಹಿಂದಿನಿಂದ ಬಂದು ಭುಜ ಮುಟ್ಟಬೇಡಿ.

ಗಲಾಟೆ ಹೆಚ್ಚಾದಾಗ ಒಬ್ಬರೇ ಮಾತಾಡಬೇಕು, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಎರಡು ತೋಳು ದೂರ ನಿಲ್ಲಿ, ಎದುರಾಬದುರಾ ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲಿ, ಬಾಗಿಲಿಗೆ ಅವರ ದಾರಿಯನ್ನೂ ಕಟ್ಟಬೇಡಿ, ನಿಮ್ಮ ದಾರಿಯನ್ನೂ ಕಳೆದುಕೊಳ್ಳಬೇಡಿ. ಕುತ್ತಿಗೆಯ ಐ.ಡಿ. ಕಾರ್ಡಿನ ದಾರ ತೆಗೆದಿಡಿ. ಇಂಜೆಕ್ಷನ್ ಕೊಟ್ಟು ಮಲಗಿಸಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುವುದೇ ದೊಡ್ಡ ತಪ್ಪು: ಮೊದಲ ಒಂದು ಗಂಟೆ ಪ್ರತಿ 15 ನಿಮಿಷಕ್ಕೆ ಉಸಿರು, ನಾಡಿ, ಬಿ.ಪಿ., ಆಮ್ಲಜನಕ ನೋಡಿ.

ಕಾನೂನಿನ ಬಗ್ಗೆ ಎರಡೇ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಸರಪಳಿ ಹಾಕುವುದು, ಅರಿವಳಿಕೆ ಇಲ್ಲದೆ ಇ.ಸಿ.ಟಿ. (ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಕೊಡುವುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ನಿಷಿದ್ಧ. ಕೈಕಾಲು ಕಟ್ಟುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಅನುಮತಿಯಿಂದ. ನಾಮನಿರ್ದೇಶಿತ ಪ್ರತಿನಿಧಿಗೆ, ಅಂದರೆ ರೋಗಿಯ ಪರವಾಗಿ ನಿಲ್ಲಲು ಹೆಸರಿಸಿದವರಿಗೆ, 24 ಗಂಟೆಯೊಳಗೆ ತಿಳಿಸಬೇಕು. ಸಿಬ್ಬಂದಿ ಕಮ್ಮಿ ಅನ್ನುವುದು ಕಟ್ಟಲು ಕಾರಣವಾಗುವುದಿಲ್ಲ. ಕಟ್ಟಿದ ಮೇಲೂ 15 ನಿಮಿಷಕ್ಕೊಮ್ಮೆ ಬೆರಳ ಬಣ್ಣ, ಬಿಸಿ ನೋಡಬೇಕು. ನೀರು, ಮೂತ್ರ ಕೇಳಬೇಕು.

ಡಿಪೋ ಇಂಜೆಕ್ಷನ್: ಕೈಕೆಲಸ

ಡಿಪೋ ಅಂದರೆ ಸ್ನಾಯುವಿನಲ್ಲಿ ಕೂತು ನಿಧಾನಕ್ಕೆ ರಕ್ತಕ್ಕೆ ಇಳಿಯುವ ಇಂಜೆಕ್ಷನ್. ತಿಂಗಳಿಗೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಕೊಡುವ ಫ್ಲೂಫೆನಜೀನ್ ಡೆಕನೋಯೇಟ್ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆ, ಪಿ.ಎಚ್.ಸಿ.ಗಳಲ್ಲಿ ಕೊಡುವವರು ನೀವೇ. ಇದು ಎಳ್ಳೆಣ್ಣೆಯಲ್ಲಿ ಕರಗಿಸಿದ ಔಷಧಿ, ಸಾಮಾನ್ಯವಾಗಿ 1 ಮಿ.ಲೀ.ಗೆ 25 ಮಿ.ಗ್ರಾಂ. ಎಳ್ಳಿಗೆ ಅಲರ್ಜಿ ಇದೆಯಾ ಅಂತ ಮೊದಲು ಕೇಳಿ. ಸಿರಿಂಜು, ಸೂಜಿ ಪೂರ್ತಿ ಒಣಗಿರಬೇಕು. ನೀರಿನ ಹನಿ ತಾಗಿದರೆ ಔಷಧಿ ಕದಡಿ ಮಬ್ಬಾಗುತ್ತದೆ. ಎಣ್ಣೆ ದಪ್ಪ, ಆದ್ದರಿಂದ 21 ಗೇಜಿನ ಒಂದೂವರೆ ಇಂಚು ಸೂಜಿ. ಮಳೆಗಾಲದ ಚಳಿಯಲ್ಲಿ ಎಣ್ಣೆ ಇನ್ನಷ್ಟು ಮಂದವಾಗುತ್ತದೆ, ವಯಲನ್ನು ಕೆಲವು ನಿಮಿಷ ಅಂಗೈಯಲ್ಲಿ ಹಿಡಿದಿಡಿ.

ಜಾಗ ಪೃಷ್ಠದ ಮೇಲಿನ ಹೊರಮೂಲೆ. ಕಳೆದ ಸಲ ಎಡವಾಗಿದ್ದರೆ ಈ ಸಲ ಬಲ. ಯಾವ ಕಡೆ ಅಂತ ಕಾರ್ಡಿನಲ್ಲಿ ಬರೆಯಿರಿ. ಎಡಗೈಯಿಂದ ಚರ್ಮವನ್ನು ಎರಡು ಮೂರು ಸೆಂಟಿಮೀಟರ್ ಪಕ್ಕಕ್ಕೆ ಎಳೆದು ಹಿಡಿದುಕೊಂಡೇ 90 ಡಿಗ್ರಿಯಲ್ಲಿ ಆಳಕ್ಕೆ ಚುಚ್ಚಿ. ಪಿಸ್ಟನ್ ಹಿಂದೆಳೆದು ರಕ್ತ ಬರುತ್ತಿಲ್ಲ ಅಂತ ನೋಡಿ. ಒಂದು ಮಿ.ಲೀ.ಗೆ ಹತ್ತು ಸೆಕೆಂಡಿನಂತೆ ನಿಧಾನಕ್ಕೆ ತಳ್ಳಿ. ಇನ್ನೂ ಹತ್ತು ಸೆಕೆಂಡು ಸೂಜಿ ಅಲ್ಲೇ ಇರಲಿ. ಸೂಜಿ ಹೊರತೆಗೆದ ಮೇಲೆ ಚರ್ಮ ಬಿಡಿ. ಆಗ ಮೇಲಿನ ಪದರ ಜಾರಿ ಸೂಜಿಯ ದಾರಿ ಮುಚ್ಚಿಕೊಳ್ಳುತ್ತದೆ, ಎಣ್ಣೆ ಚರ್ಮದಡಿಗೆ ಹಿಂದಕ್ಕೆ ಸೋರುವುದಿಲ್ಲ. ಉಜ್ಜಬೇಡಿ. ಉಜ್ಜಿದರೆ ಸೋರಿಕೆ, ಗಂಟು. ಗಂಟಾದವರು ಮುಂದಿನ ಸಲ ಬರುವುದಿಲ್ಲ. ಬರದವರ ಹೆಸರಿನ ಮುಂದೆ ‘ಸಹಕರಿಸುತ್ತಿಲ್ಲ’ ಅಂತ ಬರೆಯುತ್ತೇವೆ.

ಕೊಟ್ಟ ದಿನವೇ ತೂಕ, ಸೊಂಟದ ಸುತ್ತಳತೆ, ಬಿ.ಪಿ. ನೋಡಿಬಿಡಿ. ಓಲಾಂಜಪೈನ್, ಕ್ಲೋಜಪೈನ್ ತಗೊಳ್ಳುವವರಿಗೆ ಸಕ್ಕರೆ ಪರೀಕ್ಷೆ ಶುರುವಿನಲ್ಲಿ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ.

ಮನೆಗೆ ಹೋದ ಮೇಲೆ

ಮಾನಸಿಕ ಚಿಕಿತ್ಸೆಯನ್ನು ಊರಿನ ಆರೋಗ್ಯ ಕೇಂದ್ರಗಳಿಗೇ ತರಲು ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಯಲ್ಲೇ ಗುರುತಿಸಿ ವರ್ಷಗಟ್ಟಲೆ ಹಿಂಬಾಲಿಸಿ ಚಿಕಿತ್ಸೆ ಕೊಡುತ್ತ ಬಂದಿದ್ದಾರೆ. ಮನೆಯಲ್ಲಿಟ್ಟುಕೊಂಡೇ ನೋಡಿಕೊಳ್ಳಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಇಲ್ಲಿನ ತೊಡಕು ಬೇರೆ: ದಾರಿ, ಮಳೆ, ಬಸ್ಸು. ಜುಲೈನಲ್ಲಿ ಹೊಸನಗರದ ಒಳಹಳ್ಳಿಯಿಂದ ಮಾತ್ರೆಗೆಂದು ಬರುವುದು ಒಂದು ದಿನದ ಕೂಲಿ, ಒಂದು ದಿನದ ಪಾಡು. ಮೇ ಕೊನೆಯ ವಾರವೇ ಆಶಾ ಕಾರ್ಯಕರ್ತೆಯರು ತಮ್ಮ ಪಟ್ಟಿ ತೆಗೆದು ಯಾರ ಮಾತ್ರೆ ಯಾವಾಗ ಮುಗಿಯುತ್ತದೆ, ಯಾರ ಡಿಪೋ ಯಾವ ವಾರ ಬರುತ್ತದೆ ನೋಡಿ, ಹತ್ತಿರದ ಪಿ.ಎಚ್.ಸಿ.ಗೆ ಔಷಧಿ ತರಿಸುವ ಏರ್ಪಾಡು ಮಾಡಿದರೆ ಆಗಸ್ಟಿನಲ್ಲಿ ಕಾಯಿಲೆ ಮರುಕಳಿಸಿ ಬರುವವರು ಕಮ್ಮಿಯಾಗುತ್ತಾರೆ. ಮಾತ್ರೆ ಬಿಟ್ಟ ವಾರವೇ ಕಾಯಿಲೆ ಬರುವುದಿಲ್ಲ, ವಾರಗಟ್ಟಲೆ ಚೆನ್ನಾಗಿಯೇ ಇರುತ್ತಾರೆ. ಅದರಿಂದಲೇ ‘ಮಾತ್ರೆ ಬೇಡವೇ ಬೇಡ’ ಅನ್ನುವ ತಪ್ಪು ಲೆಕ್ಕ ಹುಟ್ಟುತ್ತದೆ. ಮೊದಲ ಸೂಚನೆ ಬಹಳ ಜನರಲ್ಲಿ ನಿದ್ದೆ ಕೆಡುವುದು.

ಆತ್ಮಹತ್ಯೆಯ ಅಪಾಯ ಡಿಸ್ಚಾರ್ಜ್ ಆದ ಮೊದಲ ವಾರಗಳಲ್ಲಿ ಹೆಚ್ಚು. ಖಿನ್ನತೆಯ ಮಾತ್ರೆ ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ ಬೇಕು. ಕೆಲವರಲ್ಲಿ ಮನಸ್ಸು ಹಗುರಾಗುವ ಮುಂಚೆ ಮೈಗೆ ಚುರುಕು ಬರುತ್ತದೆ, ಆ ನಡುವಿನ ದಿನಗಳಲ್ಲಿ ಕಣ್ಣಿಡಬೇಕು. ‘ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಯಾರ ತಲೆಗೂ ಆ ಯೋಚನೆ ಹೊಸದಾಗಿ ಹೋಗುವುದಿಲ್ಲ. ತೋಟದ ಮನೆಗಳಲ್ಲಿ ಗದ್ದೆ–ತೋಟದ ಔಷಧಿ ಕೊಟ್ಟಿಗೆಯಲ್ಲೋ ಜಗಲಿಯ ಮೂಲೆಯಲ್ಲೋ ಬಿದ್ದಿರುತ್ತದೆ. ಅದು ಬೀಗ ಹಾಕಿದ ಪೆಟ್ಟಿಗೆಗೆ ಹೋಗಬೇಕು, ಕೀಲಿ ಬೇರೆಯವರ ಹತ್ತಿರ ಇರಬೇಕು. ಸಾಧ್ಯವಾದರೆ ಪಕ್ಕದ ಮನೆಯಲ್ಲೇ ಇಡಿಸಿ. ಮಾತ್ರೆಯೂ ವಾರಕ್ಕೆ ಆಗುವಷ್ಟೇ ಕೈಗೆ ಸಿಗಲಿ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಬಾಣಂತಿಯರ ಬಗ್ಗೆ ಒಂದು ಮಾತು. ಹೆರಿಗೆಯಾದ ಮೊದಲ ಎರಡು ವಾರದಲ್ಲಿ, ಸಾವಿರದಲ್ಲಿ ಒಬ್ಬಿಬ್ಬರಿಗೆ, ತೀವ್ರ ಮನೋರೋಗ ಬರುತ್ತದೆ. ಮಗು ಮಲಗಿದರೂ ತಾಯಿಗೆ ನಿದ್ದೆ ಇಲ್ಲ, ಸುಮ್ಮಸುಮ್ಮನೆ ಅನುಮಾನ, ಗೊಂದಲ. ಬಾಣಂತಿ ಸನ್ನಿ ಅಂತ ಕತ್ತಲ ಕೋಣೆಯಲ್ಲಿಟ್ಟು ಕಾಯಬೇಡಿ. ಅದೇ ದಿನ ಆಸ್ಪತ್ರೆ. ಅಲ್ಲಿಯವರೆಗೆ ತಾಯಿ–ಮಗುವನ್ನು ಇಬ್ಬರನ್ನೇ ಬಿಡಬೇಡಿ.

ಸಭೆಯಿಂದ ಬಂದ ಪ್ರಶ್ನೆಗಳು

*ಮಾತ್ರೆ ನುಂಗಲ್ಲ ಅಂತಾರೆ, ಕಾಫಿಯಲ್ಲಿ ಪುಡಿ ಮಾಡಿ ಹಾಕಬಹುದಾ?*

ಬೇಡ. ಒಂದು ದಿನ ತಳದಲ್ಲಿ ಪುಡಿ ಕಾಣುತ್ತದೆ, ‘ವಿಷ ಹಾಕ್ತಾರೆ’ ಅನ್ನುವ ಅವರ ಮಾತನ್ನು ನೀವೇ ನಿಜ ಮಾಡಿದಂತಾಗುತ್ತದೆ. ಕುಡಿತ ಬಿಡಿಸುವ ಡೈಸಲ್ಫಿರಾಮ್ ಅಂತೂ ಗೊತ್ತಿಲ್ಲದೆ ಹಾಕಲೇಬಾರದು. ಅದರ ಮೇಲೆ ಕುಡಿದರೆ ಬಿ.ಪಿ. ಕುಸಿದು ಸಾಯಬಹುದು, ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಆ ಅಪಾಯ ಇರುತ್ತದೆ. ಯಾಕೆ ಬೇಡ ಅಂತಾರೆ ಕೇಳಿ. ಮಂಪರು, ತೂಕ, ಗಂಡ–ಹೆಂಡತಿ ಸಂಬಂಧದ ತೊಂದರೆ – ಇವುಗಳಲ್ಲಿ ಯಾವುದೋ ಒಂದು ಇರುತ್ತದೆ, ಔಷಧಿ ಬದಲಿಸಬಹುದು. ಬಾಯಲ್ಲಿ ಕರಗುವ ಮಾತ್ರೆ ಇದೆ, ಡಿಪೋ ಇದೆ. ವಾರ್ಡಿನಲ್ಲಾದರೆ ನುಂಗಿದ ಮೇಲೆ ನಾಲಿಗೆಯಡಿ, ಕೆನ್ನೆ ಸಂದು ನೋಡಿ, ಐದು ನಿಮಿಷ ಮಾತಾಡಿಸುತ್ತ ಕೂರಿ.

*ದೇವಸ್ಥಾನಕ್ಕೆ ಕರೆದುಕೊಂಡು ಹೋಗಬಹುದಾ? ಅಂತ್ರ ಕಟ್ಟಿಸಿದ್ದೇವೆ.*

ಹೋಗಿ. ಅಂತ್ರದಿಂದ ಲಿಥಿಯಂ ಮಟ್ಟ ಏರುವುದಿಲ್ಲ, ಉಪವಾಸದಿಂದ ಏರುತ್ತದೆ. ಮಾತ್ರೆ ನಿಲ್ಲಿಸಬಾರದು, ಹೊಡೆಸಬಾರದು, ಕಟ್ಟಿಹಾಕಬಾರದು, ಹೊಗೆ ಕುಡಿಸಬಾರದು. ಅಲ್ಲಿಯ ಅರ್ಚಕರೇ ‘ಮಾತ್ರೆ ಬಿಡಬೇಡ’ ಅಂದರೆ ನಾವು ಹತ್ತು ಸಲ ಹೇಳಿದ್ದಕ್ಕಿಂತ ಹೆಚ್ಚು ನಾಟುತ್ತದೆ.

*ಮಗಳಿಗೆ ಬೈಪೋಲಾರ್. ಮದುವೆ ಮಾಡಿದರೆ ಸರಿಹೋಗುತ್ತೆ ಅಂತಾರಲ್ಲ?*

ಮದುವೆ ಚಿಕಿತ್ಸೆಯಲ್ಲ. ಮಾಡಬಾರದು ಅಂತಲೂ ಇಲ್ಲ. ಕಾಯಿಲೆ ಮುಚ್ಚಿಟ್ಟು ಮಾಡಿದರೆ ಗಂಡನ ಮನೆಯಲ್ಲಿ ಮಾತ್ರೆ ಕದ್ದು ನುಂಗಬೇಕಾಗುತ್ತದೆ. ಕೆಲವು ವಾರದಲ್ಲಿ ನುಂಗುವುದೇ ನಿಲ್ಲುತ್ತದೆ, ನಿದ್ದೆಗೆಡುವ ಮದುವೆ ಮನೆಯ ಗದ್ದಲದ ಬೆನ್ನಿಗೇ ಕಾಯಿಲೆ ಕೆರಳುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದ್ದು, ಅವಳು ತಗೊಳ್ಳುತ್ತಿರುವ ಮಾತ್ರೆ ಯಾವುದು? ವಾಲ್ಪ್ರೊಯೇಟ್ ಆಗಿದ್ದರೆ ಮದುವೆಯ ಮಾತು ಎತ್ತುವಾಗಲೇ ಡಾಕ್ಟರನ್ನು ಕಂಡು ಬೇರೆಯದಕ್ಕೆ ಬದಲಿಸಿಕೊಳ್ಳಬೇಕು. ಅದು ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿಗೂ ಬುದ್ಧಿಗೂ ಹಾನಿ ಮಾಡಬಲ್ಲದು. ಬೆನ್ನುಹುರಿಯ ಕೊಳವೆ ಗರ್ಭ ನಿಂತ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುವುದರಿಂದ ತಿಂಗಳು ನಿಂತ ಮೇಲೆ ಯೋಚಿಸಿದರೆ ತಡ. ಹಾಗಂತ ಇವತ್ತೇ ಮನೆಗೆ ಹೋಗಿ ಮಾತ್ರೆ ಬಿಸಾಡಬೇಡಿ. ದಿಢೀರ್ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಚೀಟಿ ಹಿಡಿದುಕೊಂಡು ಈ ವಾರವೇ ಡಾಕ್ಟರ ಹತ್ತಿರ ಹೋಗಿ.